ಮಣ್ಣು ಹೊತ್ತ ಗಾಳಿ

ಏಪ್ರಿಲ್ ತಿಂಗಳ ಮಧ್ಯಾಹ್ನ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸೋನ್ಯಾಳದಲ್ಲಿ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಜೋಳದ ರಾಶಿ ಮುಗಿದು ಹೊಲಗಳು ಬರಿದಾಗಿರುತ್ತವೆ. ಕುರಿಗಳು ಬೇವಿನ ಮರದ ನೆರಳಿನಲ್ಲಿ ತಲೆ ತಗ್ಗಿಸಿ ಒತ್ತೊತ್ತಾಗಿ ನಿಂತಿರುತ್ತವೆ. ಆಗ ಹೊಲದ ನಡುವೆ ಎಲ್ಲಿಂದಲೋ ಒಂದು ಧೂಳಿನ ಕಂಬ ಏಳುತ್ತದೆ. ಗಿರಗಿರನೆ ತಿರುಗುತ್ತ, ಒಣ ಎಲೆ, ಕಾಗದದ ಚೂರು, ಜೋಳದ ರವದಿ ಎಲ್ಲವನ್ನೂ ಎತ್ತಿಕೊಂಡು ಓಡತೊಡಗುತ್ತದೆ. ಹುಡುಗರು ಅದರ ಹಿಂದೆ ಓಡುತ್ತಾರೆ. "ದೆವ್ವಗಾಳಿ ಐತಿ, ಒಳಗ ಬರ್ರಿ" ಎಂದು ಅಜ್ಜಿ ಕಟ್ಟೆಯ ಮೇಲಿನಿಂದ ಕೂಗುತ್ತಾಳೆ. ಒಂದೆರಡು ನಿಮಿಷಗಳಲ್ಲಿ ಕಂಬ ಮಾಯವಾಗುತ್ತದೆ.

ಇದನ್ನು ನಾವು ಸುಂಟರಗಾಳಿ ಎನ್ನುತ್ತೇವೆ. ನಮ್ಮ ನೆರೆಯ ಮರಾಠಿ ಭಾಷಿಕರು ವಾವಟಳ ಎನ್ನುತ್ತಾರೆ. ಇದರಲ್ಲಿ ದೆವ್ವವೂ ಇಲ್ಲ, ಭೂತವೂ ಇಲ್ಲ. ಬರಿಯ ಹೊಲದ ನೆಲ ಬಿಸಿಲಿಗೆ ಬಹಳ ಬೇಗ ಕಾಯುತ್ತದೆ. ಅದಕ್ಕೆ ತಾಗಿಕೊಂಡಿರುವ ಗಾಳಿಯೂ ಕಾಯುತ್ತದೆ. ಕಾದ ಗಾಳಿ ಹಗುರಾಗಿ ಮೇಲೇರಿದಾಗ ಆ ಜಾಗವನ್ನು ತುಂಬಲು ಸುತ್ತಲಿನ ಗಾಳಿ ಒಳನುಗ್ಗುತ್ತದೆ. ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ನುಗ್ಗುವುದಿಲ್ಲವಾದ್ದರಿಂದ ಅದು ಸುತ್ತತೊಡಗುತ್ತದೆ. ಸುತ್ತು ಚಿಕ್ಕದಾದಂತೆ ವೇಗ ಹೆಚ್ಚುತ್ತದೆ.

ಸಂಜೆಯ ಧೂಳು ಬೇರೆ ಬಗೆಯದು. ಮೇ ತಿಂಗಳಲ್ಲಿ ಕರಿಮೋಡ ಕವಿದು ಗುಡುಗು ಕೇಳಿಸುತ್ತದೆ. ಆದರೆ ಮಳೆಗಿಂತ ಮೊದಲು ಬರುವುದು ಧೂಳು. ದೂರದಲ್ಲಿ ಕಂದು ಬಣ್ಣದ ಗೋಡೆಯೊಂದು ಕಾಣಿಸುತ್ತದೆ. ನೋಡನೋಡುತ್ತಿದ್ದಂತೆ ಅದು ಊರನ್ನೇ ನುಂಗುತ್ತದೆ. ಒಣಹಾಕಿದ ಬಟ್ಟೆಗಳನ್ನು ಬಾಚಿಕೊಂಡು ಒಳಗೆ ಓಡುವವರು, ಪತ್ರಾಸಿನ ಮೇಲೆ ಕಲ್ಲು ಹೇರುವವರು, ಒಣದ್ರಾಕ್ಷಿಯ ಶೆಡ್ಡಿನ ಪರದೆ ಬಿಗಿಯುವವರು, ಹೀಗೆ ಎಲ್ಲರಿಗೂ ಒಮ್ಮೆಲೇ ಕೆಲಸ. ಗುಡುಗಿನ ಮೋಡದಿಂದ ಸುರಿಯುವ ಹನಿಗಳು ಒಣಗಾಳಿಯಲ್ಲಿ ಅರ್ಧದಾರಿಯಲ್ಲೇ ಆವಿಯಾಗುತ್ತವೆ. ಅದರಿಂದ ಅಲ್ಲಿಯ ಗಾಳಿ ತಣ್ಣಗಾಗಿ, ಭಾರವಾಗಿ, ರಭಸದಿಂದ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದು ನಾಲ್ಕು ದಿಕ್ಕಿಗೂ ಹರಡುತ್ತದೆ. ದಾರಿಯಲ್ಲಿ ಸಿಕ್ಕ ಹುಡಿಮಣ್ಣನ್ನೆಲ್ಲ ಮೇಲಕ್ಕೆತ್ತುತ್ತದೆ. ಉತ್ತರ ಭಾರತದಲ್ಲಿ ಇದಕ್ಕೆ ಆಂಧಿ ಎಂದು ಹೆಸರು. 2018ರ ಮೇ 2ರಂದು ರಾಜಸ್ಥಾನ ಮತ್ತು ಉತ್ತರ ಪ್ರದೇಶಗಳಲ್ಲಿ ಬೀಸಿದ ಇಂತಹ ಬಿರುಗಾಳಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಹೆಚ್ಚಿನವರು ಕುಸಿದ ಮನೆ, ಗೋಡೆ, ಮರಗಳ ಕೆಳಗೆ ಸಿಕ್ಕಿಕೊಂಡವರು.

ಗಾಳಿ ಬೀಸಿದ ಕಡೆಯಲ್ಲೆಲ್ಲ ಧೂಳು ಏಳುತ್ತದೆಯೇ? ಇಲ್ಲ. ಒಂದು ತಟ್ಟೆಯಲ್ಲಿ ಜೋಳದ ಹಿಟ್ಟನ್ನು ಹರಡಿ ಮೇಲೆ ಸಮನಾಗಿ ತಟ್ಟಿರಿ. ಮೆಲ್ಲಗೆ ಊದಿದರೆ ಅದು ಸುಲಭವಾಗಿ ಏಳುವುದಿಲ್ಲ. ಈಗ ಅದರ ಮೇಲೆ ನಾಲ್ಕು ಕಾಳುಗಳನ್ನು ಬೀಳಿಸಿ ನೋಡಿರಿ. ಕಾಳು ಬಿದ್ದಲ್ಲೆಲ್ಲ ಹಿಟ್ಟು ಪುಕ್ಕನೆ ಹಾರುತ್ತದೆ. ಹೊಲದಲ್ಲಿ ನಡೆಯುವುದೂ ಇದೇ. ಅತಿ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬರಿಯ ಗಾಳಿಗೆ ಅವು ಜಗ್ಗುವುದಿಲ್ಲ. ಗಾಳಿ ಮೊದಲು ಮರಳಿನ ಕಣಗಳನ್ನು ಕುಪ್ಪಳಿಸುವಂತೆ ಮಾಡುತ್ತದೆ. ಕುಪ್ಪಳಿಸಿದ ಮರಳು ಕೆಳಗೆ ಬಡಿದಾಗ ನುಣುಪು ಧೂಳು ಸಿಡಿದು ಮೇಲೇಳುತ್ತದೆ. ಮರಳು ಅಲ್ಲಿಯೇ ಆಸುಪಾಸಿನಲ್ಲಿ ಬೀಳುತ್ತದೆ, ಧೂಳು ಮಾತ್ರ ಗಾಳಿಯ ಜೊತೆ ಹೋಗುತ್ತದೆ.

ನಮ್ಮ ರೈತರು ಕಣದಲ್ಲಿ ನಿಂತು ರಾಶಿ ತೂರುವುದನ್ನು ನೆನಪಿಸಿಕೊಳ್ಳಿರಿ. ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಗಾಳಿ ಹೊಲವನ್ನೂ ಹಾಗೆಯೇ ತೂರುತ್ತದೆ. ಆದರೆ ಇಲ್ಲಿ ಲೆಕ್ಕ ತಿರುವುಮುರುವು. ಬೆಳೆಗೆ ಬೇಕಾದ ಸತ್ವವೆಲ್ಲ ನುಣುಪು ಕಣಗಳಲ್ಲಿಯೇ ಹೆಚ್ಚಾಗಿರುತ್ತದೆ. ಗಾಳಿ ಅದನ್ನು ಒಯ್ದು, ಮರಳು ಗರಸುಗಳನ್ನು ರೈತನಿಗೆ ಬಿಟ್ಟು ಹೋಗುತ್ತದೆ. ಜತ್ತ ತಾಲೂಕಿನಂತಹ ನಾಡಿಗೆ ಇದು ಸಣ್ಣ ನಷ್ಟವಲ್ಲ. ಮುಂಗಾರು ಮೋಡಗಳು ಸಹ್ಯಾದ್ರಿಗೆ ಬಡಿದು ತಮ್ಮ ನೀರನ್ನೆಲ್ಲ ಅಲ್ಲಿಯೇ ಸುರಿಸುತ್ತವೆ. ಸಾಂಗಲಿ ಜಿಲ್ಲೆಯ ಪಶ್ಚಿಮದ ಶಿರಾಳಾ ತಾಲೂಕು ಮಳೆಯಲ್ಲಿ ತೊಯ್ಯುವಾಗ ಪೂರ್ವದ ಜತ್ತ, ಆಟಪಾಡಿ ತಾಲೂಕುಗಳು ಆಕಾಶ ನೋಡುತ್ತಿರುತ್ತವೆ. ನೆಲ ಹಸಿಯಾಗಿದ್ದರೆ ಕಣಗಳು ಅಂಟಿಕೊಂಡಿರುತ್ತವೆ. ಹುಲ್ಲಿದ್ದರೆ ಬೇರುಗಳು ಹಿಡಿದಿರುತ್ತವೆ, ಗಾಳಿಯ ಮೊದಲ ಪೆಟ್ಟನ್ನು ಹುಲ್ಲೇ ತಿನ್ನುತ್ತದೆ. ಹಸಿಯೂ ಇಲ್ಲದ, ಹುಲ್ಲೂ ಇಲ್ಲದ ನೆಲಕ್ಕೆ ಯಾರ ಆಸರೆಯೂ ಇಲ್ಲ. ಹಳೆಯ ರೈತರು ಬದುವಿನ ಮೇಲಿನ ಹುಲ್ಲನ್ನು ಕಿತ್ತು ಹಾಕಲು ಬಿಡುತ್ತಿರಲಿಲ್ಲ. ಅದು ದನಗಳ ಮೇವಿಗಾಗಿ ಮಾತ್ರವಲ್ಲ.

ಆಸರೆ ತಪ್ಪಿದರೆ ಏನಾಗುತ್ತದೆಂಬುದನ್ನು ಅಮೆರಿಕದ ರೈತರು 1930ರ ದಶಕದಲ್ಲಿ ಕಂಡರು. ಕಾನ್ಸಾಸ್, ಓಕ್ಲಹೋಮಾ, ಟೆಕ್ಸಾಸ್ ಮೊದಲಾದ ರಾಜ್ಯಗಳ ವಿಶಾಲವಾದ ಹುಲ್ಲುಗಾವಲನ್ನು ಟ್ರ್ಯಾಕ್ಟರಿನಿಂದ ಉತ್ತು ಅವರು ಗೋದಿ ಬಿತ್ತಿದ್ದರು. ಮುಂದೆ ಮಳೆ ಕೈಕೊಟ್ಟಿತು. ಬೆಳೆ ಒಣಗಿತು, ಹುಲ್ಲಂತೂ ಮೊದಲೇ ಹೋಗಿತ್ತು. 1934ರ ಮೇ ತಿಂಗಳಲ್ಲಿ ಅಲ್ಲಿಯ ಮಣ್ಣು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರು ಹಾರಿ ನ್ಯೂಯಾರ್ಕ್ ನಗರದ ಮೇಲೆ ಬಿತ್ತು. 1935ರ ಏಪ್ರಿಲ್ 14ರ ರವಿವಾರ ಹಗಲೇ ಕತ್ತಲಾಯಿತು. ಜನರು ಇಂದಿಗೂ ಆ ದಿನವನ್ನು ಕಪ್ಪು ರವಿವಾರ ಎಂದು ಕರೆಯುತ್ತಾರೆ. ಲಕ್ಷಗಟ್ಟಲೆ ಜನ ಮನೆಮಾರು ಬಿಟ್ಟು ಗುಳೆ ಹೋದರು. ಮಣ್ಣು ಉಳಿಸುವುದಕ್ಕೆಂದೇ ಅದೇ ವರ್ಷ ಅಲ್ಲಿಯ ಸರಕಾರ ಒಂದು ಇಲಾಖೆಯನ್ನು ತೆರೆಯಬೇಕಾಯಿತು. ಬೇಕಾಗಿದ್ದದ್ದು ಇಪ್ಪತ್ತು ವರ್ಷ ಮೊದಲು!

ಎದ್ದ ಧೂಳು ಎಲ್ಲಿಯೋ ಬೀಳಲೇಬೇಕು. 2022ರ ಜನವರಿ 23ರಂದು ಮುಂಬಯಿ, ಪುಣೆಗಳ ಆಕಾಶ ಮಸುಕಾಗಿ, ನಿಲ್ಲಿಸಿದ ವಾಹನಗಳ ಮೇಲೆ ಬಿಳಿ ಧೂಳು ಕುಳಿತಿತ್ತು. ಅದು ಪಾಕಿಸ್ತಾನದ ಕಡೆಯಿಂದ ಅರಬ್ಬೀ ಸಮುದ್ರದ ಮೇಲೆ ಹಾದು ಬಂದದ್ದು. ಆಫ್ರಿಕಾದ ಸಹಾರಾ ಮರುಭೂಮಿಯ ಧೂಳಿನ ಪಯಣ ಇನ್ನೂ ದೂರದ್ದು. ಪ್ರತಿವರ್ಷ ಸರಾಸರಿ 2 ಕೋಟಿ 70 ಲಕ್ಷ ಟನ್ನುಗಳಷ್ಟು ಧೂಳು ಅಟ್ಲಾಂಟಿಕ್ ಸಾಗರವನ್ನು ದಾಟಿ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಮೇಲೆ ಬೀಳುತ್ತದೆಂದು ವಿಜ್ಞಾನಿಗಳು ಉಪಗ್ರಹದ ನೆರವಿನಿಂದ ಅಂದಾಜು ಮಾಡಿದ್ದಾರೆ. ಅದರಲ್ಲಿರುವ ರಂಜಕ ಆ ಕಾಡಿಗೆ ಗೊಬ್ಬರ.

ಈಗ ಭೂಮಿಯನ್ನು ಬಿಟ್ಟು ಮಂಗಳ ಗ್ರಹಕ್ಕೆ ಹೋಗೋಣ. ಅಲ್ಲಿ ಹುಲ್ಲಿಲ್ಲ, ಮಳೆಯಿಲ್ಲ, ಎಲ್ಲಿ ನೋಡಿದರೂ ತುಕ್ಕಿನ ಬಣ್ಣದ ಹುಡಿಮಣ್ಣು. 1971ರ ನವೆಂಬರ್ 14ರಂದು ಅಮೆರಿಕದ ಮ್ಯಾರಿನರ್-9 ನೌಕೆ ಮಂಗಳನನ್ನು ಸುತ್ತತೊಡಗಿದಾಗ ಕೆಳಗೆ ಏನೂ ಕಾಣಲಿಲ್ಲ. ಇಡೀ ಗ್ರಹವೇ ಧೂಳಿನಲ್ಲಿ ಮುಳುಗಿತ್ತು. ಧೂಳಿನ ಮೇಲೆ ತಲೆ ಎತ್ತಿದ ನಾಲ್ಕು ಕಪ್ಪು ಚುಕ್ಕೆಗಳು ಮಾತ್ರ ಕಂಡವು. ಚಿತ್ರ ತೆಗೆಯುವುದನ್ನು ಮುಂದೂಡುವಂತೆ ನೌಕೆಗೆ ಭೂಮಿಯಿಂದ ಆದೇಶ ಹೋಯಿತು. ವಾರಗಟ್ಟಲೆ ಕಾದ ಮೇಲೆ ಧೂಳು ಇಳಿಯಿತು. ಆ ಚುಕ್ಕೆಗಳು ಮಹಾ ಜ್ವಾಲಾಮುಖಿ ಪರ್ವತಗಳ ತುದಿಗಳಾಗಿದ್ದವು! ಅವುಗಳಲ್ಲಿ ಒಲಿಂಪಸ್ ಪರ್ವತದ ಎತ್ತರ ಸುಮಾರು 22 ಕಿ.ಮೀ., ಅಂದರೆ ಎವರೆಸ್ಟಿನ ಎರಡೂವರೆ ಪಟ್ಟು. ಅದೇ ಕಾಲಕ್ಕೆ ರಶಿಯಾದ ಎರಡು ನೌಕೆಗಳೂ ಅಲ್ಲಿಗೆ ಹೋಗಿದ್ದವು. ಅವುಗಳಿಗೆ ಕಾಯುವ ಅನುಕೂಲವಿರಲಿಲ್ಲ. ಒಂದರ ಇಳಿಯಂತ್ರ ನೆಲಕ್ಕಪ್ಪಳಿಸಿತು, ಇನ್ನೊಂದರದು ಇಳಿದ ಕೆಲವೇ ಕ್ಷಣಗಳಲ್ಲಿ ಮೌನವಾಯಿತು.

ಮಂಗಳನ ಬಿರುಗಾಳಿ ಎಂದರೆ ಬಂಡೆಗಳನ್ನೇ ಹಾರಿಸುವ ಗಾಳಿ ಎಂದು ತಿಳಿಯಬೇಡಿರಿ. ಸಿನಿಮಾದವರು ಹಾಗೆ ತೋರಿಸುತ್ತಾರೆ, ಅಷ್ಟೆ. ಅಲ್ಲಿಯ ವಾಯು ನಮ್ಮದಕ್ಕಿಂತ ಸುಮಾರು ಅರವತ್ತು ಪಟ್ಟು ತೆಳು. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಬೀಸಿದರೂ ನಮ್ಮ ಮೈಗೆ ಇಲ್ಲಿಯ 13 ಕಿ.ಮೀ. ವೇಗದ ತಂಗಾಳಿ ತಾಗಿದಂತಾದೀತು. ಹಾಗಾದರೆ ಗ್ರಹವೆಲ್ಲ ಮುಚ್ಚಿಹೋಗುವುದು ಹೇಗೆ? ಮೇಲೆದ್ದ ಧೂಳು ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಇನ್ನಷ್ಟು ಜೋರಾಗಿ ಬೀಸಿ ಇನ್ನಷ್ಟು ಧೂಳನ್ನು ಎಬ್ಬಿಸುತ್ತದೆ. ಅದನ್ನು ತೊಳೆದು ಕೆಳಗಿಳಿಸಲು ಮಳೆ ಇಲ್ಲ. ತಡೆದು ಹಿಡಿಯಲು ಹಸಿರು ಇಲ್ಲ. ಮಂಗಳನು ಸೂರ್ಯನಿಗೆ ಹತ್ತಿರ ಬರುವ ಕಾಲದಲ್ಲಿ ಇಂತಹ ಬಿರುಗಾಳಿಗಳು ಹೆಚ್ಚು. 1971ರಂತೆ 2001, 2007 ಮತ್ತು 2018ರಲ್ಲಿಯೂ ಇಡೀ ಗ್ರಹವನ್ನು ಧೂಳು ಆವರಿಸಿತ್ತು.

ನಮ್ಮ ಮಂಗಳಯಾನವೂ ಈ ಧೂಳನ್ನು ಕಂಡಿದೆ. 2014ರ ಸೆಪ್ಟೆಂಬರ್ 24ರಂದು ಅದು ಮಂಗಳನ ಕಕ್ಷೆಯನ್ನು ಸೇರಿತು. ಒಂದು ವಾರದೊಳಗೆ, 74,500 ಕಿ.ಮೀ. ಎತ್ತರದಿಂದ ಗ್ರಹದ ಉತ್ತರ ಭಾಗದಲ್ಲಿ ಎದ್ದ ಧೂಳಿನ ಬಿರುಗಾಳಿಯ ಬಣ್ಣದ ಚಿತ್ರವನ್ನು ತೆಗೆದು ಕಳಿಸಿತು. ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದ ದೊಡ್ಡ ಆಂಟೆನಾಗಳು ಆ ನೌಕೆಯ ದನಿಯನ್ನು ಕೇಳುತ್ತಿದ್ದವು. ಆರು ತಿಂಗಳಿಗೆಂದು ಹೋದ ಮಂಗಳಯಾನದ ಸಂಪರ್ಕ 2022ರಲ್ಲಿ ಕಡಿದುಹೋಯಿತು.

ಧೂಳಿನಿಂದಲೇ ಸತ್ತ ಯಂತ್ರವೆಂದರೆ ಅಮೆರಿಕದ ಆಪರ್ಚುನಿಟಿ ಬಂಡಿ. ಇದು 2004ರ ಜನವರಿಯಲ್ಲಿ ಮಂಗಳನ ಮೇಲಿಳಿಯಿತು. 90 ದಿನ ಕೆಲಸ ಮಾಡಿದರೆ ಸಾಕೆಂದುಕೊಂಡಿದ್ದ ಬಂಡಿ ಹದಿನಾಲ್ಕು ವರ್ಷ ದುಡಿದು 45 ಕಿ.ಮೀ. ನಡೆಯಿತು. 2018ರ ಬಿರುಗಾಳಿಯಲ್ಲಿ ಹಗಲು ರಾತ್ರಿಯಂತಾಗಿ, ಅದರ ಸೌರಫಲಕಗಳಿಗೆ ಬಿಸಿಲು ಸಿಗದಾಯಿತು. ಆ ಜೂನ್ 10ರಂದು ಅದರ ಕೊನೆಯ ಸಂದೇಶ ಬಂತು. ಎಂಟು ತಿಂಗಳು ಕರೆದರೂ ಉತ್ತರ ಬರಲಿಲ್ಲ. 2019ರ ಫೆಬ್ರುವರಿ 13ರಂದು ಕರೆಯುವುದನ್ನು ನಿಲ್ಲಿಸಿದರು. ಅಣುಶಕ್ತಿಯಿಂದ ನಡೆಯುವ ಕ್ಯೂರಿಯಾಸಿಟಿ ಬಂಡಿಗೆ ಮಾತ್ರ ಅದೇ ಧೂಳಿನಲ್ಲಿ ಏನೂ ಆಗಲಿಲ್ಲ.

ಬೇರೆ ಕಡೆಯ ಸುದ್ದಿ ಚಿಕ್ಕದು. ಚಂದ್ರನ ಮೇಲೆ ಧೂಳಿದೆ, ಗಾಳಿಯಿಲ್ಲ. ಶುಕ್ರನಲ್ಲಿ ಗಾಳಿ ಬಲು ದಟ್ಟ, ಆದರೆ ನೆಲದ ಬಳಿ ಅದು ನಡೆದಾಡುವ ಮನುಷ್ಯನಷ್ಟೇ ನಿಧಾನ. ಶನಿಯ ಉಪಗ್ರಹ ಟೈಟಾನಿನಲ್ಲಿ 2009ರಲ್ಲಿ ಧೂಳಿನ ಬಿರುಗಾಳಿ ಎದ್ದದ್ದಕ್ಕೆ ಕ್ಯಾಸಿನಿ ನೌಕೆಯ ಚಿತ್ರಗಳಲ್ಲಿ ಕುರುಹು ಸಿಕ್ಕಿದೆ. ಅಲ್ಲಿಯ ಧೂಳು ಮಣ್ಣಿನದಲ್ಲ. ಇಂಗಾಲ ಬೆರೆತ ವಸ್ತುಗಳದ್ದು.

ಇನ್ನು ನಮ್ಮ ಹೊಲದ ಸುಂಟರಗಾಳಿ. ಅದೂ ಮಂಗಳನಲ್ಲಿದೆ! 2012ರಲ್ಲಿ ಕಂಡ ಒಂದು ಸುಂಟರಗಾಳಿಯ ಕಂಬ 20 ಕಿ.ಮೀ. ಎತ್ತರವಿತ್ತು. 2005ರ ಮಾರ್ಚಿನಲ್ಲಿ ಆಪರ್ಚುನಿಟಿಯ ಜೊತೆಗಾರ ಬಂಡಿ ಸ್ಪಿರಿಟ್‌ನ ಫಲಕಗಳ ಮೇಲಿನ ಧೂಳು ಒಮ್ಮೆಲೇ ಹೋಗಿ ಅದಕ್ಕೆ ಹೊಸ ಶಕ್ತಿ ಬಂತು. ದಾಟಿಹೋದ ಸುಂಟರಗಾಳಿ ಫಲಕಗಳನ್ನು ಗುಡಿಸಿಹಾಕಿತ್ತು. 2021ರ ಸೆಪ್ಟೆಂಬರ್ 27ರಂದು ಪರ್ಸಿವಿಯರೆನ್ಸ್ ಬಂಡಿಯ ಮೇಲೆಯೇ ಒಂದು ಸುಂಟರಗಾಳಿ ಹಾದುಹೋಯಿತು. ಅದರ ಅಗಲ 25 ಮೀಟರು, ಎತ್ತರ ಕನಿಷ್ಠ 118 ಮೀಟರು. ಬಂಡಿಯ ಮೈಕ್ ಆಗ ತೆರೆದಿತ್ತು. ಆ ಧ್ವನಿಮುದ್ರಣದಲ್ಲಿ ಮೊದಲು ಗಾಳಿಯ ಸದ್ದು ಕೇಳಿಸುತ್ತದೆ. ಕೆಲವು ಕ್ಷಣ ಎಲ್ಲವೂ ಶಾಂತವಾಗುತ್ತದೆ, ಆಮೇಲೆ ಮತ್ತೆ ಗಾಳಿಯ ಸದ್ದು. ನಡುವಿನ ಆ ಶಾಂತಿಯೇ ಸುಳಿಯ ಒಡಲು. ಅಜ್ಜಿಯ ಮಾತು ಕೇಳದೆ ಸುಂಟರಗಾಳಿಯ ಒಳಗೆ ನುಗ್ಗಿ ಕಣ್ಣು ಮುಚ್ಚಿ ನಿಂತ ಸೋನ್ಯಾಳದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.