ಪೇಪರ್ ಹಾಕುವ ಹುಡುಗನ ಮುನ್ನೂರು ಪುಟದ ಅರ್ಜಿ

ಲಂಡನ್ನಿನ ಬಡ ಕಮ್ಮಾರನೊಬ್ಬನ ಮಗ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟೇ. ಹದಿಮೂರು ತುಂಬುವ ಹೊತ್ತಿಗೆ, 1804ರಲ್ಲಿ, ಪುಸ್ತಕದಂಗಡಿಯೊಂದರಲ್ಲಿ ಓಡಾಟದ ಕೆಲಸಕ್ಕೆ ಸೇರಿದ. ಗಿರಾಕಿಗಳ ಮನೆಗೆ ಪತ್ರಿಕೆ ಮುಟ್ಟಿಸುವುದು, ಅವರು ಓದಿ ಮುಗಿಸಿದ ಮೇಲೆ ಹೋಗಿ ತಂದು ಇನ್ನೊಬ್ಬರಿಗೆ ಕೊಡುವುದು ಅವನ ಕೆಲಸ. ಮರುವರ್ಷ ಅದೇ ಅಂಗಡಿಯಲ್ಲಿ ಬೈಂಡಿಂಗ್ ಕಲಿಯಲು ಏಳು ವರ್ಷಗಳ ಕರಾರಾಯಿತು. ಕೆಲಸ ಕಲಿಸಲು ಹುಡುಗನ ಮನೆಯವರಿಂದಲೇ ಹಣ ಪಡೆಯುವ ಪದ್ಧತಿ ಆಗ ಅಲ್ಲಿತ್ತು. ಹುಡುಗನ ನಿಷ್ಠೆಯನ್ನು ಕಂಡಿದ್ದ ಮಾಲೀಕ ರೀಬೋ ಆ ಹಣ ಬೇಡವೆಂದ.

ಹುಡುಗ ಹೊಲಿಯಲು ಬಂದ ಪುಸ್ತಕಗಳನ್ನು ಬರೀ ಹೊಲಿಯಲಿಲ್ಲ, ಓದಿದ. ಬ್ರಿಟಾನಿಕಾ ವಿಶ್ವಕೋಶದಲ್ಲಿನ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಎಂಬಾಕೆ ಬರೆದ ರಸಾಯನಶಾಸ್ತ್ರದ ಪುಸ್ತಕ ಅವನ ತಲೆ ಹೊಕ್ಕವು. 1812ರಲ್ಲಿ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಕೇಳಿದ್ದನ್ನೆಲ್ಲ ಚಿತ್ರ ಸಮೇತ ಅಂದವಾಗಿ ಬರೆದು, ಸುಮಾರು 300 ಪುಟಗಳನ್ನು ತಾನೇ ಬೈಂಡ್ ಮಾಡಿ, ಕೆಲಸ ಕೇಳುವ ಪತ್ರದೊಂದಿಗೆ ಡೇವಿಗೆ ಕಳಿಸಿದ. ಅದಕ್ಕೂ ಮೊದಲು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಬರೆದಿದ್ದ ಪತ್ರಕ್ಕೆ ಉತ್ತರವೇ ಬಂದಿರಲಿಲ್ಲ. ಡೇವಿ ಕರೆಸಿ ಮಾತಾಡಿದ. ಆದರೆ ಕೆಲಸ ಖಾಲಿಯಿಲ್ಲ, ಬೈಂಡಿಂಗ್ ಬಿಡಬೇಡ ಎಂದು ಬುದ್ಧಿ ಹೇಳಿ ಕಳಿಸಿದ! ಕೆಲವೇ ವಾರಗಳಲ್ಲಿ ಪ್ರಯೋಗಾಲಯದ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್‌ನಲ್ಲಿ ಆ ಜಾಗಕ್ಕೆ ಬಂದವನೇ ಮೈಕೆಲ್ ಫ್ಯಾರಡೆ. 1831ರಲ್ಲಿ ಆತ ಕಂಡುಕೊಂಡ ತತ್ವದ ಮೇಲೆಯೇ ನಮ್ಮ ಶರಾವತಿಯ ಜನರೇಟರುಗಳೂ ವಿದ್ಯುತ್ ಹುಟ್ಟಿಸುತ್ತವೆ.

ಜಗಳ ಅದೃಷ್ಟದ ಮಾತು. ಅರ್ಜಿ ಮಾತ್ರ ಅದೃಷ್ಟದ್ದಲ್ಲ. ‘ನಾನು ಪರಿಶ್ರಮಿ’ ಎಂದು ಬರೆಯುವ ಬದಲು ಪರಿಶ್ರಮವನ್ನೇ ಹೊಲಿದು ಕಳಿಸಿದ್ದ. ಇಂದು ನಮ್ಮ ಪದವಿ ವಿದ್ಯಾರ್ಥಿಗಳ ಬಯೋಡೇಟಾಗಳಲ್ಲಿ ಎಷ್ಟೋ ಗೆಳೆಯನ ಪ್ರತಿಯಲ್ಲಿ ಹೆಸರು ಬದಲಿಸಿದಂಥವು. ನಿಜವಾಗಿ ಮಾಡಿದ ಕೆಲಸ ಅದರಲ್ಲಿರುವುದಿಲ್ಲ. ಮದುವೆ ಸೀಸನ್ನಿನಲ್ಲಿ ಅಡುಗೆ ಕಂಟ್ರಾಕ್ಟರರ ಜೊತೆ ಬಡಿಸಲು ಹೋದದ್ದು, ಎರಡು ವರ್ಷ ಜೆರಾಕ್ಸ್ ಅಂಗಡಿ ನೋಡಿಕೊಂಡದ್ದು, ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿದ್ದು, ಇವನ್ನೆಲ್ಲ ನಾಚಿಕೆಯಿಂದ ಮುಚ್ಚಿಡುತ್ತಾರೆ. ಮುನ್ನೂರು ಎಲೆಯ ಪಂಕ್ತಿಯನ್ನು ಗೊಂದಲವಿಲ್ಲದೆ ಎಬ್ಬಿಸಿದ ಹುಡುಗನಿಗೆ ಅನುಭವವಿಲ್ಲ ಎಂದರೆ ಹೇಗೆ?

‘ದುಡ್ಡಿನ ರುಚಿ ಹತ್ತಿದರೆ ಓದು ಕೆಡುತ್ತದೆ’ ಎಂಬ ತಂದೆ-ತಾಯಿಯರ ಭಯ ಪೂರ್ತಿ ಸುಳ್ಳಲ್ಲ. ರಾತ್ರಿ ಪಾಳಿಯಲ್ಲಿ ದುಡಿದು ಬೆಳಗಿನ ತರಗತಿಯಲ್ಲಿ ತೂಕಡಿಸುವವನಿಗೆ ಶೇ. 75ರ ಹಾಜರಾತಿ ಕೈಕೊಡುತ್ತದೆ. ಭಾನುವಾರ, ರಜೆಯ ದಿನಗಳ ಕೆಲಸಕ್ಕೆ ಈ ಮಾತು ಅನ್ವಯಿಸದು. ಬೇಡವೆನ್ನುವ ಮುನ್ನ ಎಷ್ಟು ಹೊತ್ತಿನ ಕೆಲಸ, ಎಲ್ಲಿ, ಯಾರ ಬಳಿ ಎಂದು ವಿಚಾರಿಸುವುದು ಒಳ್ಳೆಯದು.

ವಿಜ್ಞಾನ ಓದುವವರಿಗೆ ಬೇಸಿಗೆ ರಜೆಯಲ್ಲಿ ಇನ್ನೊಂದು ದಾರಿಯಿದೆ. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಡನೆ ಸೇರಿ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಅದು. ಆಯ್ಕೆಯಾದವರು ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸ ಮಾಡುತ್ತಾರೆ, ಶಿಷ್ಯವೇತನವೂ ಇರುತ್ತದೆ. ಅರ್ಜಿಯಲ್ಲಿ ಅಂಕಗಳಷ್ಟೇ ಸಾಲದು. ಏನು ಕಲಿಯಬೇಕೆಂದಿದ್ದೇನೆ ಎಂಬ ಪುಟ್ಟ ಬರಹವೂ ಅಧ್ಯಾಪಕರ ಶಿಫಾರಸು ಪತ್ರವೂ ಬೇಕು. ಬೇಸಿಗೆಗೆ ತಿಂಗಳುಗಳ ಮೊದಲೇ ಅರ್ಜಿಯ ಅವಧಿ ಮುಗಿದಿರುತ್ತದೆ. ಪರೀಕ್ಷೆ ಮುಗಿಸಿ ವಿಚಾರಿಸಲು ಹೊರಟವರಿಗೆ ಆ ವರ್ಷ ಕೈತಪ್ಪಿದಂತೆಯೇ.

ಪದವಿ ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯ ತರಬೇತಿಯಿದೆ. ಐಟಿಐ, ಎಂಜಿನಿಯರಿಂಗ್ ಓದಿದವರಿಗಷ್ಟೇ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. 2014ರ ತಿದ್ದುಪಡಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪದವೀಧರರಿಗೂ ಬಾಗಿಲು ತೆರೆಯಿತು. 2019ರ ನಿಯಮದಲ್ಲಿ ಪದವೀಧರರ ಕನಿಷ್ಠ ಶಿಷ್ಯವೇತನ ತಿಂಗಳಿಗೆ 9,000 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ತರಬೇತಿಯ ನಂತರ ಕಾಯಂ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಅದು ಆಯಾ ಸಂಸ್ಥೆಯ ನೇಮಕಾತಿ ನೀತಿಗೆ ಬಿಟ್ಟದ್ದು. ಇದನ್ನು ತಿಳಿದೇ ಸೇರಬೇಕು. ಕರಾರು ಪತ್ರಕ್ಕೆ ಸಹಿ ಹಾಕುವಾಗ ಅದು ಕಾಯ್ದೆಯಡಿ ನೋಂದಣಿಯಾಗುವುದೇ ಎಂದು ಕೇಳಲು ಸಂಕೋಚ ಬೇಡ.

ಇನ್ನು ಕೆಲಸ ಕೊಡಿಸುವುದಾಗಿ ಠೇವಣಿ, ತರಬೇತಿ ಶುಲ್ಕ, ಸಮವಸ್ತ್ರದ ಹಣ ಎಂದೆಲ್ಲ ಕೇಳುವವರು. ಅಂಥವರ ಬಳಿ ಕೆಲಸವೇ ಇರುವುದಿಲ್ಲ. ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುತ್ತೇವೆ ಎನ್ನುವವರೂ ಇದ್ದಾರೆ. ನಡುವೆ ಬಿಟ್ಟು ಬರಬೇಕಾದಾಗ ಆ ಕಾಗದಕ್ಕಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಜೆರಾಕ್ಸ್ ಪ್ರತಿ ಕೊಟ್ಟು, ಮೂಲವನ್ನು ತೋರಿಸಿ, ಅಲ್ಲೇ ನಿಂತು ಕೈಗೆ ವಾಪಸು ಪಡೆದುಕೊಂಡು ಬರಬೇಕು.