ರೋಗಶೇಷ

ಸಾಲದ ಶೇಷ, ಬೆಂಕಿಯ ಶೇಷ, ರೋಗದ ಶೇಷ, ಈ ಮೂರನ್ನೂ ಉಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಸಾಲ ಎಷ್ಟು ಉಳಿದಿದೆಯೆಂಬುದನ್ನು ಲೆಕ್ಕದ ಪುಸ್ತಕ ಹೇಳುತ್ತದೆ. ಬೂದಿಯನ್ನು ಕೆದಕಿದರೆ ಕೆಂಡ ಕಾಣುತ್ತದೆ. ಆದರೆ ರಕ್ತದಲ್ಲಿ ಅಡಗಿದ ರೋಗಶೇಷವನ್ನು ಕಾಣುವ ಬಗೆ ಯಾವುದು? ತೀವ್ರ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವೇ ರೋಗಿಯ ಮುಂದಿನ ದಾರಿಯನ್ನು ನಿರ್ಣಯಿಸುತ್ತದೆ.

ಈ ವ್ಯಾಧಿಗೆ ಲ್ಯುಕೀಮಿಯ, ಎಂದರೆ ಬಿಳಿಯ ರಕ್ತ, ಎಂಬ ಹೆಸರನ್ನು 1847ರಲ್ಲಿ ಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಖೊ. ಹೆಸರು ದೊರೆತು ನೂರು ವರ್ಷ ಕಳೆದ ಮೇಲೆ, 1948ರಲ್ಲಿ, ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧವನ್ನು 16 ಮಕ್ಕಳಿಗೆ ಕೊಟ್ಟುದರ ಫಲವನ್ನು ಪ್ರಕಟಿಸಿದರು. 10 ಮಕ್ಕಳು ಚೇತರಿಸಿಕೊಂಡರು. ಔಷಧವನ್ನು ಒದಗಿಸಿದ ಲೆಡರ್ಲಿ ಪ್ರಯೋಗಶಾಲೆಯ ಸಂಶೋಧನೆಯನ್ನು ನಡೆಸುತ್ತಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರೆಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಆ ಚೇತರಿಕೆ ತಾತ್ಕಾಲಿಕವಾಗಿತ್ತು. ರೋಗ ಮರಳಿ ಬಂದಿತು. ಎಲ್ಲಿಂದ ಬಂದಿತು? ಹೋಗಿದ್ದರೆ ತಾನೆ ಬರುವುದು! ಅದು ಅಲ್ಲಿಯೇ ಇತ್ತು.

ಲೆಕ್ಕವನ್ನು ನೋಡಿ. ರೋಗ ಪತ್ತೆಯಾಗುವ ವೇಳೆಗೆ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ದುಷ್ಟಕಣಗಳಿರುತ್ತವೆ. ಚಿಕಿತ್ಸೆ ನೂರರಲ್ಲಿ ತೊಂಬತ್ತೊಂಬತ್ತನ್ನು ನಾಶಮಾಡಿದರೂ ಸಾವಿರ ಕೋಟಿ ಉಳಿಯುತ್ತವೆ. ಅಸ್ಥಿಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಳೆಯ ಕಣಗಳು ನೂರಕ್ಕೆ ಐದಕ್ಕಿಂತ ಕಡಮೆಯಿದ್ದು, ಉಳಿದ ಲಕ್ಷಣಗಳೂ ಸರಿಯಾಗಿದ್ದರೆ ವೈದ್ಯರು ಅದನ್ನು ಉಪಶಮನವೆನ್ನುತ್ತಾರೆ. ಉಪಶಮನ ಬೇರೆ, ಗುಣವಾಗುವುದು ಬೇರೆ. ಕಣ್ಣಿಗೆ ಆರೋಗ್ಯವಂತ ಕಣದಂತೆಯೇ ತೋರುವ ವೈರಿಯನ್ನು ಗುರುತಿಸಲು ಮಸೂರವೊಂದೇ ಸಾಲದು.

ಇದಕ್ಕೆ ಇಂದು ಮುಖ್ಯವಾಗಿ ಎರಡು ಉಪಾಯಗಳುಂಟು. ಮೊದಲನೆಯದು ಫ್ಲೋ ಸೈಟೋಮೆಟ್ರಿ. ಕಣಗಳಿಗೆ ಹೊಳೆಯುವ ಬಣ್ಣಗಳನ್ನು ಅಂಟಿಸಿ, ಲೇಸರ್ ಕಿರಣದ ಮುಂದೆ ಒಂದೊಂದಾಗಿ ಹಾಯಿಸುತ್ತಾರೆ. ಬಣ್ಣಗಳ ಮೇಳ ತಪ್ಪಿದ ಕಣ ಸಿಕ್ಕಿಬೀಳುತ್ತದೆ. ಹತ್ತು ಸಾವಿರಕ್ಕೆ ಒಂದಿದ್ದರೂ ಕಾಣುತ್ತದೆ. ಎರಡನೆಯದು ಪಿಸಿಆರ್. ಪ್ರತಿಯೊಬ್ಬ ರೋಗಿಯ ದುಷ್ಟಕಣಗಳ ವಂಶವಾಹಿಗಳಲ್ಲಿ ಅವುಗಳದೇ ಒಂದು ರುಜುವಿರುತ್ತದೆ. ಆ ರುಜುವನ್ನು ಲಕ್ಷಾಂತರ ಪ್ರತಿಗಳಾಗಿ ಬೆಳೆಸಿ, ಲಕ್ಷಕ್ಕೊಂದು ಕಣವನ್ನೂ ಹಿಡಿಯಬಹುದು. ಮೊದಲ ಹಂತದ ಚಿಕಿತ್ಸೆ ಮುಗಿಯುವ ಸುಮಾರು ಒಂದು ತಿಂಗಳಿಗೆ ಈ ಪರೀಕ್ಷೆ ನಡೆಯುತ್ತದೆ. ಮಜ್ಜೆಯ ಮೊದಲ ಸೆಳೆತದ ಹನಿಯೇ ಇದಕ್ಕೆ ಬೇಕು. ಅನಂತರದ್ದರಲ್ಲಿ ರಕ್ತ ಬೆರೆತು ಲೆಕ್ಕ ತಪ್ಪುತ್ತದೆ.

ನನ್ನ ವಿದ್ಯಾರ್ಥಿಯೊಬ್ಬನ ತಂದೆ, ಒಕ್ಕಲುತನದವರು, ಮಗನ ವರದಿಯನ್ನು ಹಿಡಿದು ಒಮ್ಮೆ ಮನೆಗೆ ಬಂದಿದ್ದರು. "ಹುಡುಗ ಉಣ್ತಾನೆ, ಓಡಾಡ್ತಾನೆ, ಕಾಗದದಲ್ಲೂ ಏನೂ ಇಲ್ಲ ಅಂತ ಬಂದದೆ. ಎತ್ತು ಮಾರಿದ್ದಾಯ್ತು, ಇನ್ನು ಉಳಿದಿರೋದು ಹೊಲ. ಮತ್ತೆ ಎರಡು ವರ್ಷ ಔಷಧಿ ಯಾಕೆ ಮೇಷ್ಟ್ರೆ?" ಎಂದರು. ಏನೂ ಕಾಣಲಿಲ್ಲವೆಂಬುದಕ್ಕೂ ಏನೂ ಇಲ್ಲವೆಂಬುದಕ್ಕೂ ಇರುವ ಅಂತರವನ್ನು ವ್ಯಾಕರಣದಿಂದ ತಿಳಿಸುವುದು ಸಾಧ್ಯವಿರಲಿಲ್ಲ. "ಕಳೆ ಕಿತ್ತ ಮರುದಿನ ಹೊಲ ಹೇಗೆ ಕಾಣುತ್ತದೆ?" ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಗರಿಕೆ ಬೇರು ಅನ್ನಿ" ಎಂದರು. ಚಿಕಿತ್ಸೆ ನಿಲ್ಲಲಿಲ್ಲ.

ಶೇಷ ಕಂಡರೆ ಎದೆಗೆಡಬೇಕಾಗಿಲ್ಲ; ಔಷಧದ ಬಲವನ್ನು ಹೆಚ್ಚಿಸಬಹುದು, ಮಜ್ಜೆಯ ಕಸಿಯನ್ನು ಯೋಚಿಸಬಹುದು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಒಂದು ಬಗೆಯ ತೀವ್ರ ರಕ್ತಕ್ಯಾನ್ಸರಿನಲ್ಲಿ ಸಾವಿರಕ್ಕೊಂದು ಕಣ ಅಥವಾ ಅದಕ್ಕಿಂತ ಹೆಚ್ಚು ಉಳಿದ ರೋಗಿಗಳಿಗಾಗಿಯೇ ಬ್ಲಿನಟುಮೊಮ್ಯಾಬ್ ಎಂಬ ಔಷಧಕ್ಕೆ ಸಮ್ಮತಿಯಿತ್ತಿತು. ಶೇಷ ಕಾಣದ ಮಕ್ಕಳಲ್ಲಿ ಕೆಲವರಿಗೆ ಕಠಿಣ ಔಷಧಗಳ ಭಾರವನ್ನು ಇಳಿಸುವುದೂ ಉಂಟು. ಎರಡು ಕಡೆಯೂ ಲಾಭವೇ.

ಪರೀಕ್ಷೆಗೆ ಮಿತಿಯುಂಟು. ಚಮಚದಷ್ಟು ಮಜ್ಜೆ ಇಡೀ ದೇಹದ ಮಾತನ್ನು ಪೂರ್ತಿಯಾಗಿ ಹೇಳಲಾರದು. ಆದುದರಿಂದಲೇ ವೈದ್ಯರು ಮತ್ತೆ ಮತ್ತೆ ನೋಡುತ್ತಾರೆ. ಔಷಧ ಕೊಲ್ಲುವ ಕೆಲಸವನ್ನು ಮಾಡುತ್ತದೆ. ಕಾಯುವ ಕೆಲಸ ಮನುಷ್ಯನದು.