‘ಯೂಸ್ಟ್ ಟು’ ಎಂಬ ಎರಡು ಮಾತು

ನನ್ನ ಪತ್ನಿ ತೀರಿಕೊಂಡ ವರ್ಷ, ಹೊರದೇಶದಲ್ಲಿ ಬೆಳೆದ ಮೊಮ್ಮಗಳಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ‘ಒಬ್ಬನೇ ಕುಳಿತು ಉಣ್ಣುವುದು ನನಗೆ ರೂಢಿಯಾಗಿದೆ, ಚಿಂತಿಸಬೇಡ’ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಬರೆದದ್ದು ಮಾತ್ರ ‘ಐ ಯೂಸ್ಟ್ ಟು ಈಟ್ ಅಲೋನ್’ ಎಂದು. ಉತ್ತರ ಬಂತು: ಅಜ್ಜಿ ಇದ್ದಾಗ ನೀವು ಒಬ್ಬರೇ ಉಣ್ಣುತ್ತಿದ್ದಿರಾ ತಾತ? ಈಗ ಜೊತೆಗೆ ಯಾರು ಕೂಡುತ್ತಾರೆ?

ಕನ್ನಡ ಮೇಷ್ಟರ ಇಂಗ್ಲಿಷೆಂದು ನಕ್ಕುಬಿಡಬಹುದಿತ್ತು. ನಗು ಬರಲಿಲ್ಲ.

ತಪ್ಪು ಎಲ್ಲಿ? ‘ಯೂಸ್ಟ್ ಟು’ ಎಂಬುದರ ಮುಂದೆ ಕ್ರಿಯಾಪದ ತನ್ನ ಮೂಲರೂಪದಲ್ಲಿ ಬಂದರೆ ಅದು ಗತಕಾಲದ ವಾಡಿಕೆ. ಹಿಂದೆ ಮಾಡುತ್ತಿದ್ದೆ, ಈಗಿಲ್ಲ. ಆ ‘ಈಗಿಲ್ಲ’ ಎಂಬುದು ವಾಚ್ಯವಲ್ಲ, ಧ್ವನಿ; ಆದರೆ ಇಂಗ್ಲಿಷರ ಕಿವಿಗೆ ಅದೇ ಮೊದಲು ಕೇಳಿಸುತ್ತದೆ. ಹಿಂದೆ ‘ಆ್ಯಮ್’ ಸೇರಿಸಿ, ‘ಈಟ್’ ಎಂಬುದನ್ನು ‘ಈಟಿಂಗ್’ ಮಾಡಿದರೆ ಅರ್ಥವೇ ಬೇರೆ: ಅಭ್ಯಾಸವಾಗಿದೆ. ಇಲ್ಲಿಯ ‘ಟು’ ನಮ್ಮ ಚತುರ್ಥಿಯ ‘ಗೆ’ ಇದ್ದಂತೆ. ಅದರ ಮುಂದೆ ನಾಮಪದವೋ ನಾಮದಂತೆ ನಡೆಯುವ ‘ಇಂಗ್’ ರೂಪವೋ ಬರಬೇಕು.

ಒಂದೇ ಪದಕ್ಕೆ ಎರಡು ಕೆಲಸವೇಕೆ? ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದ ‘ಯೂಸ್’ ಪದಕ್ಕೆ ಉಪಯೋಗ, ರೂಢಿ ಎಂಬ ಎರಡರ್ಥವೂ ಹಿಂದಿನಿಂದ ಇವೆ. ನಮ್ಮ ‘ಬಳಕೆ’ಯೂ ಹಾಗೆಯೇ ಅಲ್ಲವೆ? ಶೇಕ್ಸ್‌ಪಿಯರನ ಕಾಲದಲ್ಲಿ ವಾಡಿಕೆಯ ಈ ಕ್ರಿಯಾಪದ ವರ್ತಮಾನದಲ್ಲಿಯೂ ನಡೆಯುತ್ತಿತ್ತು. ಇಂದು ಭೂತಕಾಲವೊಂದೇ ಉಳಿದಿದೆ. ಬರಹದಲ್ಲಿ ಭೇದ ಕಾಣದು. ಉಚ್ಚಾರದಲ್ಲಿ, ಉಪಯೋಗಿಸಿದ್ದು ‘ಯೂಜ್ಡ್’, ರೂಢಿಯದು ‘ಯೂಸ್ಟ್’.

ನಮ್ಮ ತೊಡಕಿಗೆ ಕಾರಣ ನಮ್ಮ ಭಾಷೆಯ ಔದಾರ್ಯ. ‘ಪೇಟೆಗೆ ಹೋಗುತ್ತಿದ್ದೆ, ಮಳೆ ಬಂತು’. ‘ಚಿಕ್ಕಂದಿನಲ್ಲಿ ದಿನವೂ ಕೆರೆಗೆ ಹೋಗುತ್ತಿದ್ದೆ’. ಒಂದೇ ರೂಪ. ಆದುದರಿಂದಲೇ ನಾವು ಎರಡಕ್ಕೂ ‘ವಾಸ್ ಗೋಯಿಂಗ್’ ಎನ್ನುತ್ತೇವೆ. ಎರಡನೆಯದಕ್ಕೆ ‘ಯೂಸ್ಟ್ ಟು’ ಸಲ್ಲುತ್ತದೆ, ನೆನಪಿನ ಓಟದಲ್ಲಿ ‘ವುಡ್’ ಕೂಡ. ಆದರೆ ‘ವುಡ್’ ಮತ್ತೆಮತ್ತೆ ನಡೆದ ಕ್ರಿಯೆಗೆ ಮಾತ್ರ. ಬಾವಿಯಿಂದ ನೀರು ಸೇದುತ್ತಿದ್ದೆವು ಎನ್ನಲು ಆದೀತು. ಅಲ್ಲೊಂದು ಬಾವಿಯಿತ್ತು ಎನ್ನಲು ಆಗದು.

ಅಭ್ಯಾಸವಾಗುವುದಕ್ಕೆ ಕನ್ನಡದಲ್ಲಿ ‘ಒಗ್ಗು’ ಎಂಬ ಸೊಗಸಾದ ಮಾತಿದೆ. ಆ ಊರಿನ ನೀರು ನನಗೆ ಒಗ್ಗಿತು ಎನ್ನುತ್ತೇವೆ. ಇಲ್ಲಿ ಕರ್ತೃ ನೀರು. ಇಂಗ್ಲಿಷಿನಲ್ಲಿ ಒಗ್ಗಿಕೊಳ್ಳಬೇಕಾದವನು ಮನುಷ್ಯನೇ. ಒಗ್ಗಿ ಮುಗಿದಿದ್ದರೆ ‘ಆ್ಯಮ್ ಯೂಸ್ಟ್ ಟು’. ಇನ್ನೂ ಒಗ್ಗುತ್ತಿದ್ದರೆ ನಡುವೆ ‘ಗೆಟಿಂಗ್’ ಸೇರಬೇಕು.

ಮೊಮ್ಮಗಳಿಗೆ ತಿದ್ದಿ ಬರೆಯಲು ಕುಳಿತೆ. ‘ಐ ಆ್ಯಮ್ ಯೂಸ್ಟ್ ಟು’ ಎಂದು ಬರೆದು, ಓದಿ, ಹೊಡೆದುಹಾಕಿದೆ. ವ್ಯಾಕರಣ ಸರಿಯಾಗಿತ್ತು. ‘ಗೆಟಿಂಗ್’ ಸೇರಿಸಿ ಅಂಚೆಗೆ ಹಾಕಿದೆ.